ಯೋರಿಸನ ಹದಿನೇಳು ಪ್ಲೇಟುಗಳು

ಎಪ್ಪತ್ತೈದರ ಏಪ್ರಿಲ್. ಮಂಡಿ ಮೊಹಲ್ಲಾದ ನಮ್ಮ ಗಲ್ಲಿಗೆ
ಜಟಕಾದಲ್ಲಿ ಅಡ್ಡಡ್ಡ ಮಲಗಿ ಬಂತು ಅದು,
ಕರಿ ಗವಸು ಹೊದ್ದು, ಆಚೆ ಈಚೆ ಇಬ್ಬರು ಹಿಡಿದು.
ಚಹದಂಗಡಿಯವರು ಎದ್ದು ನಿಂತರು.
ಯಾರೋ ಜೇಬಿನಿಂದ ಟೋಪಿ ತೆಗೆದು ಹಾಕಿಕೊಂಡರು.
ಹಿಂದೆ ನಡೆದು ಬರುತ್ತಿದ್ದ ಬಿಳಿಯ, ಬೆವರಿನ ಮನುಷ್ಯ
ಮಯ್ಯತ್ತಿನ ಮನೆಯವನ ಹಾಗೇ ಕಂಡ.

ಒಳಗಿದ್ದದ್ದು ಪಿಟೀಲಿನ ದೊಡ್ಡಪ್ಪ.
ಬಾಸು. ನಾಲ್ಕೇ ತಂತಿ.
ನಮ್ಮ ಬಿಸಿಲಿಗೆ ಕತ್ತಿನ ಕರಿಮರದ ಪಟ್ಟಿ ಬಿಟ್ಟುಕೊಂಡಿತ್ತು,
ರಾತ್ರಿ ಲಲಿತಮಹಲಿನಲ್ಲಿ ಜಾಝ್.
ಬೆಲ್ಜಿಯಮ್ಮಿನವನಂತೆ, ಯೋರಿಸ್ ವಾನ್ ಹೌಟೆ.
ಹೌಟೆ ಅಂದರೆ ಮರ ಅಂತ, ಬಾಗಿಲು ಬಡಿದು ತೋರಿಸಿದ.

ಅಬ್ಬ ಬೀಟೆ ಹಲಗೆಯಲ್ಲಿ ಆನೆ ನವಿಲು ಕೂರಿಸುವವರು.
ಆದರೂ ಡಬ್ಬಿಯಲ್ಲಿ ವಜ್ರ ಕಾಯಿಸಿದರು
(ಚರ್ಮ ಮೂಳೆ ಬೇಯಿಸಿದ ಆ ನಾರುವ ಅಂಟಿಗೆ
ನಮ್ಮ ಬಡಗಿಗಳಿಟ್ಟ ಹೆಸರು ನೋಡಿ).
ಪಟ್ಟಿ ಕೂರಿಸಿ, ಸೈಕಲ್ ಟ್ಯೂಬು ಸುತ್ತಿ ಬಿಗಿದು,
ಅಂಟು ಹಿಡಿಯುವ ತನಕ ಸುಮ್ಮನಿರಲಾರದೆ
ಪಟ್ಟಿಯ ಅಂಚಿನಲ್ಲಿ ಒಂದು ಮಲ್ಲಿಗೆ ಮೊಗ್ಗು ಕೊರೆದು ಕೂರಿಸಿದರು,
ಮೂಳೆಯದು, ಅಕ್ಕಿಕಾಳಿನಷ್ಟು.
ಯಾರೂ ಕೇಳಿರಲಿಲ್ಲ.
ಅವನು ಹೆಬ್ಬೆರಳಲ್ಲಿ ಅದನ್ನು ಸವರಿ ನೋಡಿದ. ನಕ್ಕನೋ ಇಲ್ಲವೋ ನೆನಪಿಲ್ಲ.
ದುಡ್ಡು ಕೊಟ್ಟ, ಅಬ್ಬ ಅರ್ಧ ವಾಪಸು ಕೊಟ್ಟರು.

ಆಮೇಲೆ ಪ್ಲೇಟುಗಳು ಬರತೊಡಗಿದವು.
'ಮರದ ಉಸ್ತಾದ್, ಮಂಡಿ ಮೊಹಲ್ಲಾ, ಮೈಸೂರು.'
ಅಷ್ಟೇ ವಿಳಾಸ. ಪೋಸ್ಟಿನ ನಂಜಪ್ಪನವರು ಸುಂಕ ವಸೂಲಿ ಮಾಡಿಯೇ ಕೊಡುತ್ತಿದ್ದರು.
ಹೊದಿಕೆಯ ಮೇಲೆ ತುತ್ತೂರಿಯವನ ಕೆನ್ನೆ, ಡ್ರಮ್ಮಿನವನ ತೋಳು,
ಹಿಂದೆಲ್ಲೋ ಯೋರಿಸನ ಅರ್ಧ ಭುಜ.
ಒಂದರಲ್ಲಿ ಹೆಸರು ತಪ್ಪು. ಇನ್ನೊಂದರಲ್ಲಿ ಹೆಸರೇ ಇಲ್ಲ.
ಅಬ್ಬ ಮಾಡಿದ ಟೀಪಾಯಿಗಳಲ್ಲೂ ಅಂಗಡಿಯವರ ಚೀಟಿಯೇ ಇರುತ್ತಿತ್ತು.

ನಾನು ತಸ್ನೀಮ್, ಆಕಾಶವಾಣಿಯಲ್ಲಿ
ಮೂವತ್ತೊಂದು ವರ್ಷ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸಿದವಳು.
ಭಾಷಣದ ಕೆಮ್ಮು, ಕೃಷಿರಂಗದ ಆಕಳಿಕೆ, ಎಲ್ಲ ತೆಗೆದವಳು.
ಡ್ಯೂಟಿ ಮುಗಿದ ಮೇಲೆ ಯೋರಿಸನ ಪ್ಲೇಟು ಹಾಕಿ ಕೂರುತ್ತಿದ್ದೆ.
ಮೊದಮೊದಲು ಬಾಸು ಕೇಳಿಸುತ್ತಲೇ ಇರಲಿಲ್ಲ.
ಅದು ನಿಂತಾಗ ಗೊತ್ತಾಯಿತು,
ಮಿಕ್ಕವರೆಲ್ಲ ಒಂದು ಕ್ಷಣ
ಕೆಳಗಿನ ಮೆಟ್ಟಿಲು ಸಿಗದ ಕಾಲಿನ ಹಾಗಾದರು.

ನಾಲ್ಕನೆಯದರ ಎರಡನೆ ಬದಿ, ಮೂರನೆ ಹಾಡು:
ಕೈ ಎಲ್ಲೆಲ್ಲೋ ಅಲೆದು, ಇಳಿದು, ಹುಡುಕಿ,
ಒಂದೇ ಸ್ವರದ ಮೇಲೆ ನಿಂತುಬಿಡುತ್ತದೆ.
ಏಳನೆಯದರಲ್ಲೂ ಅದೇ ಸ್ವರ. ಹನ್ನೊಂದರಲ್ಲೂ.
ಮೊಗ್ಗು ಸಿಕ್ಕಿತು ಅಂದುಕೊಂಡೆ.
ಸ್ಟುಡಿಯೋದ ಪಿಟೀಲು ವಿದ್ವಾನ್ ಶ್ರೀಕಂಠಯ್ಯನವರು
'ಅದು ಆ ರಾಗದ ಮನೆಯಮ್ಮ, ಎಲ್ಲರೂ ಅಲ್ಲೇ ನಿಲ್ಲೋದು' ಅಂದರು.
ಇರಬಹುದು.
ಅಬ್ಬನಿಗೆ ಈ ಮಾತು ನಾನು ಹೇಳಲಿಲ್ಲ.

ಅವನ ಒಬ್ಬನದೇ ಹೆಸರಿದ್ದದ್ದು ಎರಡು.
ಕೊನೆಯದು ಬಂದಾಗ ಅಬ್ಬ ಇರಲಿಲ್ಲ, ನಂಜಪ್ಪನವರೂ ಇರಲಿಲ್ಲ.
ಸಿ.ಡಿ. ಅದು, ನಮ್ಮಲ್ಲಿ ಅದೂ ಪ್ಲೇಟೇ.
ಯಾವುದೋ ಇಗರ್ಜಿ, ಒಂಟಿ ಬಾಸು, ಮುದಿ ಬೆರಳು.
ತಂತಿಗಿಂತ ಉಸಿರೇ ಜೋರು. ಕುರ್ಚಿ ಕಿರುಗುಟ್ಟುತ್ತದೆ.
ನಾನಾಗಿದ್ದರೆ ಕತ್ತರಿಸುತ್ತಿದ್ದೆ.
ಎಲ್ಲ ಮುಗಿದು, ಬಹಳ ಹೊತ್ತಾದ ಮೇಲೆ
ಅವನು ಏನೋ ಹೇಳುತ್ತಾನೆ, ಅವನ ಮಾತಿನಲ್ಲಿ.

ಎರಡು ವರ್ಷ ಆ ಮಾತು ಹಾಗೇ ಇತ್ತು.
ಕೊನೆಗೆ ಗೋಕುಲಂನಲ್ಲಿ, ಯೋಗ ಕಲಿಯಲು ಬಂದು
ಎಳನೀರಂಗಡಿ ಹತ್ತಿರ ಚಾಪೆ ಸುತ್ತಿಕೊಂಡು ನಿಂತಿದ್ದ
ಅವರೂರಿನ ಹುಡುಗಿಯ ಕಿವಿಗೆ ಇಯರ್‌ಫೋನ್ ಕೊಟ್ಟೆ.
ಮೂರು ಸಲ ಕೇಳಿದಳು.
'ಇನ್ನೊಂದು ಸಲ ನುಡಿಸಲಾ?
ಮರ ಈಗ ಬಿಸಿಯಾಗ್ತಾ ಇದೆ, ಅಂತಿದ್ದಾರೆ.'

ಅದಕ್ಕೆ ಯಾರು ಏನಂದರೋ
ಪ್ಲೇಟಿನಲ್ಲಿ ಇಲ್ಲ.
ಎಳನೀರಿನವನು ಚಿಲ್ಲರೆ ಕೇಳಿದ. ಹುಡುಕಿ ಕೊಟ್ಟೆ.