ಸೊನ್ನೆ ಕಿಲೋಮೀಟರ್

ಮೊದಲು ಕಳೆದುಹೋದದ್ದು ಒಂದು ಸೊನ್ನೆ.
ಅಂಚೆ ಕೋಡನ್ನು ಸಂಖ್ಯೆಯೆಂದು ಬಗೆದ ತಪ್ಪು ನನ್ನದು.
ಎಡಗಡೆ ಕೂತ ಸೊನ್ನೆಗೆ ಬೆಲೆಯಿಲ್ಲವೆಂದು
ಯಂತ್ರ ಅದನ್ನು ಹೊಟ್ಟಿನ ಹಾಗೆ ತೂರಿಬಿಟ್ಟಿತು.
ಬೆಳಗಾಗುವಷ್ಟರಲ್ಲಿ ಓಸ್ಲೋದ ಬಹುಪಾಲು
ನಕ್ಷೆಯಿಂದ ನಾಪತ್ತೆ.

ಗುನ್ವೋರ್ ನಕ್ಕರು.
ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ,
ಕೋಡು ಹೇಳಿದರೆ ಕಣ್ಣು ಮುಚ್ಚಿಯೇ
ಗೂಡು ತೋರುವ ಬೆರಳು.
(ಅಂಚೆ ಕಚೇರಿ ಮುಚ್ಚಿ, ಅಲ್ಲೀಗ ಉಗುರಿಗೆ ಬಣ್ಣ ಹಚ್ಚುತ್ತಾರೆ.)
"ಅದು ಸಂಖ್ಯೆಯಲ್ಲ ಮಾರಾಯ, ಹೆಸರು.
ಹೆಸರನ್ನು ಯಾರಾದರೂ ಕೂಡಿ ಕಳೆಯುತ್ತಾರೆಯೇ?"

ನಮ್ಮದು ಎರವಲಿನ ಜಾಲತಾಣ.
ಊರುಗೋಲು, ಗಾಲಿಕುರ್ಚಿ,
ಮದುವೆಯೂಟಕ್ಕೆ ನಲವತ್ತು ತಟ್ಟೆ, ಅವುಗಳಲ್ಲಿ ಎರಡು ಬಿರುಕು.
ಹತ್ತಿರದ್ದನ್ನು ಮೊದಲು ತೋರಿಸು ಎಂದರು ಎಲ್ಲರೂ.
ಹತ್ತಿರ ಅಂದರೇನೆಂದು ಯಾರೂ ಹೇಳಲಿಲ್ಲ.

ಶಾಲೆಯಲ್ಲಿ ಮರೆತ ತ್ರಿಕೋನಮಿತಿ ಕೆದಕಿದೆ.
ಕೋಡಿಗೊಂದು ಚುಕ್ಕಿ; ಚುಕ್ಕಿಯಿಂದ ಚುಕ್ಕಿಗೆ
ಭೂಮಿಯ ಬೆನ್ನಿನ ಬಾಗನ್ನೂ ಬಿಡದೆ ಲೆಕ್ಕ ಹಿಡಿದು
ಕಾಗೆ ಹಾರುವಂತೆ ಗೆರೆ ಎಳೆದೆ.

ಆ ವಾರವೇ ಸುನ್ನಿವ ಹುಡುಕಿದಳು:
ತೊಟ್ಟಿಲು, ಐದು ಕಿಲೋಮೀಟರ್ ಒಳಗೆ.
ಸಿಕ್ಕಿತು. ತೊರ್ಕೆಲ್ ಅವರ ಮನೆ, ಬರ್ಚ್ ಮರದ್ದು, ಮೂರು ಕಿಲೋಮೀಟರ್.
ನಡುವೆ ಕಡಲು ಚಾಚಿದ ತೋಳು.
ತೋಳು ಬಳಸಿ ಹೋದರೆ ತೊಂಬತ್ತು ಕಿಲೋಮೀಟರ್,
ಎರಡು ಸುರಂಗ, ಹಿಮ ಬಿದ್ದರೆ ಮುಚ್ಚುವ ಕಣಿವೆ ದಾರಿ.
ಅವಳಿಗೋ ದಿನ ತುಂಬಿತ್ತು.

ಗುನ್ವೋರ್ ಕನ್ನಡಕ ಹಣೆಗೇರಿಸಿ ಕೇಳಿದರು:
"ನಿನ್ನ ಕಾಗೆ ತೊಟ್ಟಿಲು ಹೊರುತ್ತದೆಯೇ?"

ನಾಚಿಕೆಯಾಗಿ ರಾತ್ರಿಯಿಡೀ
ರಸ್ತೆಗಳ ಲೆಕ್ಕ ಬರೆಯುತ್ತ ಕೂತೆ.
ಮೂರನ್ನು ಅಳಿಸಿ ತೊಂಬತ್ತು ಮಾಡಬೇಕು,
ಅಷ್ಟರಲ್ಲಿ ಸುನ್ನಿವಳ ಸಂದೇಶ: ತೊಟ್ಟಿಲು ಬಂತು.
ಎಪ್ಪತ್ತು ದಾಟಿದ ತೊರ್ಕೆಲ್
ಗಾಳಿ ಮಲಗಿದ ಗಳಿಗೆ ನೋಡಿ ದೋಣಿಗಿಳಿಸಿ
ಹುಟ್ಟು ಹಾಕುತ್ತ, ನಾನೆಳೆದ ಗೆರೆಯ ಮೇಲೇ ಬಂದಿದ್ದರು.
ಬರಿದಾದ ತೊಟ್ಟಿಲನ್ನು
ದಾರಿಯುದ್ದಕ್ಕೂ ನೀರೇ ತೂಗಿತಂತೆ.

ಈಗ ಎರಡೂ ದೂರ ತೋರಿಸುತ್ತೇನೆ,
ಹಾರಿದರೆ ಇಷ್ಟು, ಉರುಳಿದರೆ ಇಷ್ಟು.
ಹುಟ್ಟು ಹಾಕುವವರಿಗೆ ಪಟ್ಟಿಯಲ್ಲಿ ಜಾಗ ಮಾಡಲಾಗಲಿಲ್ಲ.

ಕೊನೆಯ ಪರೀಕ್ಷೆ ಗುನ್ವೋರ್ ಅವರದು.
ತಮ್ಮದೇ ಕೋಡು ಒತ್ತಿ, ಏಣಿ ಎಂದು ಬರೆದರು;
ಸೂರಿನ ಹೆಂಚೊಂದು ಜಾರಿತ್ತು.
ಬಂತು ಉತ್ತರ:
ಅಸ್ಲಾಕ್. ಏಣಿ, ಹದಿನಾರು ಮೆಟ್ಟಿಲು. ಸೊನ್ನೆ ಕಿಲೋಮೀಟರ್.

ಒಂದು ಕೋಡಿಗೆ ಒಂದೇ ಚುಕ್ಕಿ ಇಟ್ಟವನು ನಾನು.
ಚುಕ್ಕಿಯೊಳಗೆ ಅರುವತ್ತು ಮನೆ, ಇಗರ್ಜಿ, ಕುರಿದೊಡ್ಡಿ,
ಎಲ್ಲರೂ ಎಲ್ಲರಿಂದ ಸೊನ್ನೆ ದೂರ.

"ಇದು ತಪ್ಪು," ಎಂದರು, ದನಿ ತಗ್ಗಿಸಿ.
"ಬೇಲಿಯಾಚೆಯ ಮನೆ. ಕೂಗಳತೆ.
ಕೂಗಿ ಹನ್ನೊಂದು ವರ್ಷವಾಯಿತು."
ಗೇಣಗಲ ನೆಲಕ್ಕೆ ನಡೆದ ವ್ಯಾಜ್ಯ,
ಗೆದ್ದವರಾರೆಂದು ಹೇಳಲಿಲ್ಲ.

ಹಾಗಾದರೆ ಎಷ್ಟೆಂದು ಬರೆಯಲಿ?

ಮಾತಿಲ್ಲ. ಕೋಟು ತೊಟ್ಟರು.
ಗುಂಡಿಗಳೆಲ್ಲ ಒಂದೊಂದು ತೂತು ಕೆಳಗೆ ಬಿದ್ದಿದ್ದವು.

ತಿದ್ದಬೇಕಾದ ದೋಷಗಳ ಪಟ್ಟಿಯಲ್ಲಿ
ಅದೇ ಮೊದಲಿದೆ. ಇನ್ನೂ ತಿದ್ದಿಲ್ಲ.
ಇವತ್ತು ಬೆಳಿಗ್ಗೆ ಆ ಏಣಿಯ ಮುಂದೆ
'ಎರವಲು ಹೋಗಿದೆ' ಎಂದಿತ್ತು.
ಯಾರಿಗೆಂದು ನೋಡುವ ಅಧಿಕಾರ ನನಗಿದೆ.
ನೋಡಲಿಲ್ಲ.