ಏಳು ನಿಮಿಷ ತಡ

ಕುಟ್ಟಕ್ಕೆ ಹೋಗುವ ಆರೂ ನಲವತ್ತರ ಗಾಡಿ.
ಮೂರ್ನಾಡಿನಲ್ಲಿ ನಮ್ಮ ಮನೆಯ ಓಣಿ
ಕಿಟಕಿಗೆ ಬಂದು ಹೋಗುವಾಗಲೇ ಎದೆ ಕಲ್ಲು.
ಹಣದ ಚೀಲವನ್ನು ಮುಂದಕ್ಕೆಳೆದುಕೊಂಡು ನಿಂತರೆ
ಖಾಕಿಯ ಮೇಲಿನ ಎರಡು ಒದ್ದೆ ಬಿಲ್ಲೆ ಕಾಣುವುದಿಲ್ಲ
ಎಂದು ನನ್ನ ಲೆಕ್ಕ.

ಬೇತ್ರಿ ಸೇತುವೆಯ ಮೇಲೆ ಯಾರದೋ ಕೂಸು ಅತ್ತಿತು.
ನನ್ನದಲ್ಲ,
ತೋಟದ ಕೆಲಸಕ್ಕೆ ಹೊರಟ ಹುಡುಗಿಯೊಬ್ಬಳ ಮಡಿಲಿನದು.
ಹಾಲಿಗೆ ಅದೆಲ್ಲ ಎಲ್ಲಿ ಗೊತ್ತು?
ಸದ್ದು ಕೇಳಿದ್ದೇ ಜುಮ್ಮೆಂದು ಇಳಿಯಿತು.
ಅವಳಿಗೆ ಸೊನ್ನೆ ಟಿಕೆಟ್ ಹರಿದು ಕೊಡುವಾಗ
ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕೆಲಸಕ್ಕೆ ಮರಳಿದ ಎರಡನೇ ವಾರ
ಸ್ಟೀಲ್ ಬಾಟಲಿಯಲ್ಲಿ ಹಾಲು
ಕುತ್ತಿಗೆಯಿಂದ ನಡುವಿಗೆ ಇಳಿದಿತ್ತು.
ಅತ್ತೆ ಮೆಂತ್ಯದ ಗಂಜಿ ಕುಡಿಸಿದರು,
ಬೆಳ್ಳುಳ್ಳಿ ಸುಟ್ಟು ಕೊಟ್ಟರು, ಕಣಿಲೆ ಮುಟ್ಟಬೇಡ ಎಂದರು.
ಹಂದಿ ಸಾರಿನ ಬಗ್ಗೆ ಏನೂ ಅನ್ನಲಿಲ್ಲ,
ಪಾಪ, ಅದು ಅವರಿಗೂ ಇಷ್ಟ.
ಪಕ್ಕದ ಮನೆಯ ಚಿಣ್ಣವ್ವ ಬಂದು ತೊಟ್ಟಿಲು ಬಗ್ಗಿ ನೋಡಿ
"ಸೊರಗಿದೆ" ಎಂದು
ಡಬ್ಬಿ ಹಾಲಿನ ಹೆಸರು ಹೇಳಿ ಹೋದಳು.
ಆ ರಾತ್ರಿ ನಾನು ಅತ್ತದ್ದು ಪೂವಿಗಿಂತ ಹೆಚ್ಚು.

ಏಲಿಯಮ್ಮ ಸಿಸ್ಟರ್ ತೂಕ ನೋಡಿದರು, ಮುನ್ನೂರು ಗ್ರಾಂ ಏರಿದ್ದಳು.
"ಯಾರು ಹೇಳಿದ್ದು ಸೊರಗಿದೆ ಅಂತ?
ತೆಗೆಯದೆ ಇಟ್ಟರೆ ಮೈ ಸಾಕು ಅಂತ ತಿಳೀತದೆ.
ಹಗಲು ಮೂರು ಗಂಟೆಗೊಮ್ಮೆ ಹಿಂಡು. ನೀರು ಕುಡಿ.
ರಾತ್ರಿ ಅವಳು ಕೇಳಿದಾಗೆಲ್ಲ ಕೊಡು.
ಕೇಳಿದಷ್ಟು ಬರ್ತದೆ, ಮೋಳೇ, ಕೇಳೋರು ಬೇಕು."

ನಾನು ಡಿಪೋದಲ್ಲಿ ಕಲಿತ ಲೆಕ್ಕವೇ ಬೇರೆ:
ಹರಿದ ಟಿಕೆಟಿಗೆ ತಕ್ಕ ಹಣ, ಒಂದು ರೂಪಾಯಿ ಕಮ್ಮಿಯಾದರೆ ಮೆಮೊ.
ಕಳೆದಷ್ಟೂ ಕೂಡಿಕೊಳ್ಳುವ ಚೀಲವನ್ನು
ಯಾವ ಇನ್‌ಸ್ಪೆಕ್ಟರ್ ತಪಾಸಣೆ ಮಾಡಿಯಾನು!

ಗೋಣಿಕೊಪ್ಪದ ಕಂಟ್ರೋಲರ್ ಕೋಣೆಗೆ ಚಿಲಕವಿಲ್ಲ.
ಬಾಗಿಲಿಗೆ ಬೆನ್ನು ಕೊಟ್ಟು ಹಿಂಡುತ್ತೇನೆ;
ಗೋಡೆಯ ವೇಳಾಪಟ್ಟಿಯಲ್ಲಿ ಎಲ್ಲ ಊರುಗಳೂ ಇವೆ,
ಫೋನಿನಲ್ಲಿ ಪೂವಿಯ ಮುಖ.
ನೀರು ಕುಡಿಯಬೇಕು, ಸರಿ. ಕುಡಿದರೆ
ಪೊನ್ನಂಪೇಟೆ ದಾಟಿದ ಮೇಲೆ ಹೋಗಲು ಜಾಗವೆಲ್ಲಿ?
ಇದನ್ನು ಏಲಿಯಮ್ಮನಿಗೂ ಹೇಳಿಲ್ಲ.

ಈ ದಿನ ಮರಳುವಾಗ ಮೂರ್ನಾಡಿನ ಸ್ಟಾಪಿನಲ್ಲಿ,
ಹೇಳದೆ ಕೇಳದೆ, ಅತ್ತೆ.
ತೋಳಲ್ಲಿ ಕೆಂಪಗೆ ಕಿರುಚುತ್ತಿರುವ ಗಂಟು.
"ಬಾಟಲಿ ಉಗುಳ್ತಾಳೆ, ನಿನ್ನೇ ಬೇಕಂತೆ."
ಡ್ರೈವರ್ ಹಂಸಾಕ ಕನ್ನಡಿಯಲ್ಲಿ ಒಮ್ಮೆ ನೋಡಿ
ಎಂಜಿನ್ ನಿಲ್ಲಿಸಿ ಕೆಳಗಿಳಿದ,
ಕಬ್ಬಿಣದ ಸರಳಿನಿಂದ ಚಕ್ರಗಳನ್ನು
ಒಂದೊಂದಾಗಿ, ಬಲು ನಿಧಾನವಾಗಿ, ತಟ್ಟತೊಡಗಿದ.

ಮುಂದಿನ ಸೀಟು. ಯಾರೋ ಗಡಿಯಾರ ನೋಡಿಕೊಂಡು ಲೊಚಗುಟ್ಟಿದರು.
ಎರಡನೇ ಸಾಲಿನ ಮುದುಕಿ
ಬಿಸಿಲೂ ಇಲ್ಲದ ಮಳೆಯೂ ಇಲ್ಲದ ಬಸ್ಸಿನೊಳಗೆ
ತನ್ನ ಕಪ್ಪು ಕೊಡೆ ಬಿಚ್ಚಿ ಅಡ್ಡ ಹಿಡಿದಳು.
ಗುಟುಕ್, ಗುಟುಕ್. ಇನ್ನೊಂದು ಎದೆಯೂ
ತನ್ನ ಸರದಿಗೆ ಕಾಯದೆ ಸುರಿಯಿತು.

ಮಡಿಕೇರಿಯಲ್ಲಿ ಲಾಗ್ ಪುಸ್ತಕ:
ಮೂರ್ನಾಡು, ಏಳು ನಿಮಿಷ ತಡ.
ಕಾರಣದ ಕಲಂ ನಾನು ಖಾಲಿ ಬಿಟ್ಟಿದ್ದೆ.
ಹಂಸಾಕ ಪೆನ್ನು ಕಸಿದು ಬರೆದ: ಗಾಳಿ ಕಡಿಮೆ.

ಗಾಳಿ ಸರಿಯಾಗಿಯೇ ಇತ್ತು.