ಠರಾವು ಹದಿನಾಲ್ಕು

ಇಪ್ಪತ್ತೆರಡು ವರ್ಷ ನಾನು ಬರೆದದ್ದು ಒಂದೇ ಕ್ರಿಯಾಪದ:
ಮಾಡಲಾಗುವುದು.
ಗಟಾರ ದುರಸ್ತಿ ಮಾಡಲಾಗುವುದು,
ಬೀದಿದೀಪದ ವ್ಯವಸ್ಥೆ ಮಾಡಲಾಗುವುದು,
ಹೆಣ್ಣುಮಕ್ಕಳ ಶಾಲೆಯ ಪಾಯಖಾನೆಗೆ
ಬಾಗಿಲು ಕೂಡಿಸಲಾಗುವುದು.
ಯಾರಿಂದ ಎಂದು ಕೇಳುವಂತಿಲ್ಲ ಆ ಪದವನ್ನು.
ಕರ್ತೃವೇ ಇಲ್ಲದೆ ಹುಟ್ಟಿದ ಕೂಸು,
ಪ್ರತಿ ಸಭೆಯಲ್ಲೂ ಯಾರದೋ ತೊಡೆಯ ಮೇಲೆ ಆಡಿ
ನನ್ನ ರಜಿಸ್ಟರಿನೊಳಗೆ ಮಲಗುತ್ತಿತ್ತು.

ಬಾಗಿಲ ಠರಾವು ಪಾಸಾದದ್ದು ಹದಿಮೂರು ಸಲ.
ಹದಿಮೂರು ಸಲ ಚಹಾ, ಚುರಮರಿ, ಮಿರ್ಚಿ.
ಹಿಂದಿನ ಅಧ್ಯಕ್ಷರೊಬ್ಬರು ಒಮ್ಮೆ
ಮುಕ್ಕಾಲು ತಾಸು ಮಾತಾಡಿದರು ಬಾಗಿಲ ಬಗ್ಗೆ.
ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣೂ ಒದ್ದೆಯಾಗಿತ್ತು.
ಬಾಗಿಲೇ ಕಂಡಿತ್ತು ಆ ಹೊತ್ತು:
ಸಾಗವಾನಿ, ಹಿತ್ತಾಳೆಯ ಚಿಲಕ.

ಶಾಲೆಯಲ್ಲಿ ಮಾತ್ರ
ಒಬ್ಬಳು ಒಳಗೆ, ಒಬ್ಬಳು ಹೊರಗೆ,
ಹೊರಗಿದ್ದವಳ ಕೈಯಲ್ಲಿ ಗೋಣಿತಟ್ಟು.
ಮಲಪ್ರಭೆಯ ಕಡೆಯಿಂದ ಗಾಳಿ ಎದ್ದರೆ
ಹಿಡಿಯಲು ನಾಲ್ಕು ಕೈ ಬೇಕು.

ಆಮೇಲೆ ಬಂದಳು ಹುಲಿಗೆವ್ವ ವಡ್ಡರ.
ಇಳಕಲ್ಲಿನ ಕ್ವಾರಿಯಲ್ಲಿ ಕೆಂಪು ಕಲ್ಲು ಒಡೆದವಳು.
ಪೆನ್ನನ್ನೂ ಚಾಣದ ಹಾಗೇ ಹಿಡಿಯುತ್ತಿದ್ದಳು;
ಒಂದು ಹಾಳೆಗೆ ಸಹಿ ಹಾಕಿದರೆ
ಕೆಳಗಿನ ಮೂರಕ್ಕೂ ಮೂಡುತ್ತಿತ್ತು ಹೆಸರು.

ಮೊದಲ ಸಭೆ. ಕನ್ನಡಕ ಏರಿಸಿ ಓದಿದೆ:
ವಿಷಯ ಹದಿನಾಲ್ಕು, ಬಾಗಿಲು ಕೂಡಿಸಲಾಗುವುದು.
"ಯಾರ ಕೂಡಸ್ತಾರ?"
ಸಭೆ, ಅಂದೆ.
"ಸಭಾಕ್ಕ ಕೈ ಅದಾವೇನ?"
ಕ್ರಿಯಾಯೋಜನೆ ಆಗಬೇಕು ಅಂದೆ, ಅಂದಾಜು ಪತ್ರಿಕೆ,
ಹುನಗುಂದದಿಂದ ಮಂಜೂರಿ, ಆಮೇಲೆ ಅನುದಾನ...
ಅವಳ ಕಿವಿ ನನ್ನ ಕಡೆ ಇರಲಿಲ್ಲ.
ಅಧ್ಯಕ್ಷರ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು,
ಬಂಡೆಯಲ್ಲಿ ಎಳೆ ಎಲ್ಲಿದೆ ಎಂದು ಹುಡುಕುವವರಂತೆ.

"ಕಾಳಪ್ಪ ಬಡಿಗೇರನ್ನ ಕರೀರಿ.
ಬಿಜಾಗರಿ ಬಿಚ್ಚೂ ಸಾಮಾನ ತರ್ಲಿ."

ಮುದುಕನಗೌಡರು ಎದ್ದೇ ನಿಂತರು: "ಸರಕಾರಿ ಆಸ್ತಿ!"
"ಸಾಲಿನೂ ಸರಕಾರದ್ದ, ಗೌಡ್ರ.
ಈ ಗ್ವಾಡಿ ಬಿಟ್ಟು ಆ ಗ್ವಾಡಿಗೆ ಹೊಂಟೈತಿ,
ಊರ ಬಿಟ್ಟು ಹೊಂಟಿಲ್ಲ."
"ಮತ್ತ ಅಧ್ಯಕ್ಷರ ಖೋಲಿಗೆ?"
"ಅಲ್ಲಿ ಕುಂತು ನಾ ಮಾಡೂದು
ಮುಚಗೊಂಡು ಮಾಡೂವಂಥಾದ್ದಲ್ಲ."
ಒಬ್ಬ ಸದಸ್ಯ ನಕ್ಕ, ಗೌಡರ ಮುಖ ನೋಡಿ
ಅದನ್ನೇ ಕೆಮ್ಮು ಮಾಡಿಕೊಂಡ.

ಒಂದು ಮಗ್ಗಲು ಅವಳೇ ಹಿಡಿದಳು.
ಇನ್ನೊಂದಕ್ಕೆ ಯಾರೂ ಏಳಲಿಲ್ಲ.
ಪೆನ್ನು ಕಿವಿಗೆ ಸಿಕ್ಕಿಸಿ ನಾನು ಎದ್ದೆ.
ಅಗಸಿ ದಾಟಿ, ನೇಕಾರ ಓಣಿ ದಾಟಿ,
ಮಗ್ಗದ ಸದ್ದು ನಿಲ್ಲಿಸಿ ನೋಡುವವರ ನಡುವೆ
ಭುಜ ಕಿತ್ತು ಬರುತ್ತಿರುವಾಗ ಗೊತ್ತಾಯಿತು:
ಹದಿಮೂರು ಸಲ ಬರೆದಿದ್ದೆ,
ಬಾಗಿಲಿಗೆ ತೂಕ ಇರುತ್ತದೆಂದು ಗೊತ್ತೇ ಇರಲಿಲ್ಲ.

ಚೌಕಟ್ಟಿಗೆ ಹೊಂದಲಿಲ್ಲ, ನಾಲ್ಕು ಬೆರಳು ಉದ್ದ.
ಕಾಳಪ್ಪ ಹೊತ್ತು ಮುಳುಗುವತನಕ ಹತ್ತರಿ ಹೊಡೆದ,
ಬೈದುಕೊಳ್ಳುತ್ತ, ರೊಕ್ಕದ ಮಾತೆತ್ತದೆ.
ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು:
ಅಧ್ಯಕ್ಷರು. ಅಪ್ಪಣೆಯಿಲ್ಲದೆ ಒಳಗೆ ಬರಕೂಡದು.
ಕೆರೆದು ತೆಗೆಯಲೇ, ಎಂದು ಕೇಳಿದ.
"ಇರ್ಲಿ ಬಿಡು," ಅಂದಳು ಹುಲಿಗೆವ್ವ, "ಖರೇನ ಐತಿ."

ಮರುದಿನ ಏಳನೆತ್ತೆಯ ಹಜರತಬಿ
ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು,
ಒಳಗೆ ಹೋದಳು,
ಚಿಲಕ ಬಿದ್ದ ಸದ್ದು.
ಗೋಣಿತಟ್ಟು ಹಿಡಿಯುತ್ತಿದ್ದವಳು
ಖಾಲಿ ಕೈ ಏನು ಮಾಡುವುದೆಂದು ತಿಳಿಯದೆ
ಜಡೆ ಹೆಣೆದುಕೊಳ್ಳತೊಡಗಿದಳು.

ರಾತ್ರಿ ರಜಿಸ್ಟರು ತೆರೆದೆ.
ರೂಢಿಯ ಕೈ, ಕೂಡಿಸಲಾ ಅನ್ನುವತನಕ ಓಡಿಬಿಟ್ಟಿತ್ತು.
ಹೊಡೆದು ಹಾಕಿ ಬರೆದೆ: ಕೂಡಿಸಿದೆವು.
ಸಣ್ಣ ಪದ. ಆ ಸಾಲಿನಲ್ಲಿ ಇನ್ನೂ ಜಾಗ ಉಳಿದಿತ್ತು.

ಈಗ ಅವಳ ಕೋಣೆಗೆ ಗಾಳಿ ನೇರ ನುಗ್ಗುತ್ತದೆ,
ಕಾಗದದ ಮೇಲೆ ಕೆಂಪು ಕಲ್ಲಿನ ಚೂರು ಇಟ್ಟಿದ್ದಾಳೆ.
ಆಡಿಟಿನವರು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ:
ದಾಸ್ತಾನಿನ ಪ್ರಕಾರ ಬಾಗಿಲು ಒಂದು ಕಡಿಮೆ. ಎಲ್ಲಿ?
ಏಳು ದಿನದೊಳಗೆ ಉತ್ತರ ಕೊಡಬೇಕು.
ಬರೆದಿಟ್ಟಿದ್ದೇನೆ, ಅವಳ ಸಹಿ ಒಂದು ಬಾಕಿ:

ಬಾಗಿಲು ಸದ್ಯ ಮುಚ್ಚಿದೆ.
ಒಳಗೆ ಯಾರೋ ಇದ್ದಾರೆ.